ಪಿನ್ನಿಗೆ ತಾಳಿ ಕಟ್ಟಬೇಡಿ!

ಈ ಅಂಕಣಕ್ಕೆ ವಾರವಾರ ಬರುವ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ಜಾತಿಯವು. ಆ ನಟಿಗೆ ಮದುವೆ ಯಾವಾಗ, ಈ ನಟನ ಮುಂದಿನ ಚಿತ್ರ ಯಾವುದು, ಅವರಿಬ್ಬರಿಗೂ ಮಾತು ಬಿಟ್ಟಿದೆಯಂತೆ ನಿಜವೇ.... ಇತ್ಯಾದಿ, ಇತ್ಯಾದಿ. ಈಚೆಗೆ ಮಾತ್ರ ನಾಲ್ಕೈದು ಕಾಗದಗಳು ಬೇರೆಯೇ ಪ್ರಶ್ನೆ ಹೊತ್ತುಕೊಂಡು ಬಂದಿವೆ. "ಫೋನಿನಲ್ಲಿ ಸಾವಿರ ಹಾಡು ತುಂಬಿಸಿಟ್ಟಿದ್ದೇನೆ ಸಾರ್. ಫೋನನ್ನೇ ಮೇಲೆ ಸಿಕ್ಕಿಸಿ ಹಾಡು ಕೇಳುವ ಸ್ಪೀಕರ್ ಬರುತ್ತದಂತಲ್ಲ, ಯಾವುದನ್ನು ಕೊಳ್ಳಲಿ?"

ಒಂದೇ ಸಾಲಿನ ಉತ್ತರ ಸಾಕೆನ್ನುವವರು ತಲೆಬರಹ ನೋಡಿಕೊಳ್ಳಿ. ವಿವರ ಬೇಕಾದವರು ಮುಂದೆ ಓದಿ. ಬಸ್ಸು ಹೊರಡುವುದಕ್ಕೆ ಇನ್ನೂ ಹೊತ್ತಿದೆಯಲ್ಲ!

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಜಿನಿಯರ್ ಅಲ್ಲ. ಪಿ.ಯು.ಸಿ.ಯನ್ನು ಅರ್ಧಕ್ಕೇ ಬಿಟ್ಟು ಗಾಂಧಿನಗರದ ಗಲ್ಲಿಗಳಲ್ಲಿ ಸುದ್ದಿ ಹೆಕ್ಕಲು ಹೊರಟವನು. ಆದರೆ ಹೋದ ವರ್ಷ ಒಂದು ಕಾರಣಕ್ಕೆ ಈ ಸ್ಪೀಕರುಗಳ ಬೆನ್ನು ಬೀಳಬೇಕಾಯಿತು. ಆ ಕಾರಣವನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಪೆಟ್ಟಿಗೆಯ ಜಾತಕ ನೋಡೋಣ.

ಮೂರು ಪಿನ್ನಿನ ಕಥೆ

ಡಾಕ್ ಎಂದರೆ ಹಡಗು ಬಂದು ನಿಲ್ಲುವ ಕಟ್ಟೆ. ಸ್ಪೀಕರಿನ ಮೇಲೊಂದು ಸಣ್ಣ ಗೂಡು, ಗೂಡಿನೊಳಗೊಂದು ಪಿನ್ನು. ಹಾಡಿನ ಯಂತ್ರವನ್ನು ತಂದು ಅದರ ಮೇಲೆ ಕೂರಿಸಿದರೆ ಒಂದು ಕಡೆ ಚಾರ್ಜ್ ಆಗುತ್ತದೆ, ಇನ್ನೊಂದು ಕಡೆ ಹಾಡು ಹೊರಡುತ್ತದೆ. ನಮ್ಮ ಕಡೆಯವರು ನೋಡಿದರೆ ಇದಕ್ಕೆ ತೊಟ್ಟಿಲು ಎಂದೇ ಹೆಸರಿಡುತ್ತಿದ್ದರು. ಮಲಗಿಸಿದರೆ ಸಾಕು, ಮಗು ಹಾಡಲು ಶುರು!

ಜೇಬಿನಲ್ಲಿ ಹಾಡು ಇಟ್ಟುಕೊಂಡು ತಿರುಗುವ ಚಟ ಹತ್ತಿಸಿದ್ದು 1979ರಲ್ಲಿ ಬಂದ ಸೋನಿ ವಾಕ್‌ಮನ್. 2001ರ ಅಕ್ಟೋಬರಿನಲ್ಲಿ ಆಪಲ್ ಕಂಪನಿ ಐಪಾಡ್ ಬಿಟ್ಟಿತು. 2003ರಲ್ಲಿ ಅದರ ಅಡಿಗೆ ಮೂವತ್ತು ಪಿನ್ನಿನ ಅಗಲವಾದ ಬಾಯಿ ಬಂತು. ಅಲ್ಲಿಂದ ನೋಡಿ ಹಬ್ಬ! 2004ರಲ್ಲಿ ಬೋಸ್ ಕಂಪನಿಯ ಸೌಂಡ್‌ಡಾಕ್ ಬಂತು, ಅಮೆರಿಕದಲ್ಲಿ ಬೆಲೆ 299 ಡಾಲರ್. 2006ರಲ್ಲಿ ಆಪಲ್ಲೇ 349 ಡಾಲರಿಗೆ ಐಪಾಡ್ ಹೈ-ಫೈ ಅಂತ ಒಂದು ಪೆಟ್ಟಿಗೆ ಮಾಡಿ, ಮರುವರ್ಷವೇ ಅಂಗಡಿ ಮುಚ್ಚಿಕೊಂಡಿತು. ಅದೇ 2007ರಲ್ಲಿ ಬವರ್ಸ್ ಅಂಡ್ ವಿಲ್ಕಿನ್ಸ್‌ನವರ ಜೆಪ್ಲಿನ್ ಬಂತು. ಗಾಳಿಯಲ್ಲಿ ತೇಲುವ ಹಡಗಿನ ಆಕಾರ, 599 ಡಾಲರ್ ಬೆಲೆ. ಸಿರಿವಂತರ ಮನೆಯ ಷೋಕೇಸಿನಲ್ಲಿ ನಾಯಕಿಯ ಹಾಗೆ ಕೂತಿತ್ತು.

ಆಮೇಲೆ ಏನಾಯಿತು ಗೊತ್ತೇ? 2012ರ ಸೆಪ್ಟೆಂಬರಿನಲ್ಲಿ ಐಫೋನ್ 5 ಬಂತು. ಮೂವತ್ತು ಪಿನ್ನಿನ ಅಗಲ ಬಾಯಿ ಹೋಯಿತು, ಲೈಟ್ನಿಂಗ್ ಎಂಬ ಪುಟ್ಟ ಬಾಯಿ ಬಂತು. ಸಾವಿರಾರು ಮನೆಗಳ ತೊಟ್ಟಿಲುಗಳು ಒಂದೇ ದಿನಕ್ಕೆ ಬಂಜೆಯಾದವು! ನಡುವೆ ಸಿಕ್ಕಿಸಲು ಒಂದು ತುಂಡನ್ನು ಕಂಪನಿಯೇ ಮಾರಿತು. ಆದರೆ ಆ ತುಂಡಿನ ಮೇಲೆ ನಿಂತ ಫೋನು ಕಂಬಳಿ ಹುಳದ ತಲೆಯಂತೆ ಓಲಾಡುತ್ತಿತ್ತು. 2016ರ ಐಫೋನ್ 7ರಲ್ಲಿ ಇಯರ್‌ಫೋನ್ ಸಿಕ್ಕಿಸುವ ದುಂಡನೆ ತೂತನ್ನೂ ಕಿತ್ತರು. 2023ರ ಐಫೋನ್ 15ಕ್ಕೆ ಬರುವ ಹೊತ್ತಿಗೆ ಲೈಟ್ನಿಂಗೂ ಹೋಗಿ ಟೈಪ್-ಸಿ ಬಂತು. ಇಪ್ಪತ್ತು ವರ್ಷದಲ್ಲಿ ಮೂರು ಪಿನ್ನು, ಮೂರು ಸಂಸಾರ!

ಆಂಡ್ರಾಯ್ಡ್ ಫೋನುಗಳದು ಇನ್ನೂ ಮಜಾ. ಒಂದರ ಬಾಯಿ ಅಡಿಗೆ, ಇನ್ನೊಂದರದು ಪಕ್ಕಕ್ಕೆ. ಒಂದರದು ಮುಂದಕ್ಕೆ ಮುಖ, ಇನ್ನೊಂದರದು ಹಿಂದಕ್ಕೆ. ಫಿಲಿಪ್ಸ್‌ನವರು 2011ರ ಸುಮಾರಿಗೆ ಅತ್ತಿತ್ತ ಜರುಗುವ ಪಿನ್ನಿನ ಡಾಕ್ ಮಾಡಿ ನೋಡಿದರು. ಅದು ಮೈಕ್ರೋ ಪಿನ್ನು. ಈಗ ಆ ಪಿನ್ನಿನ ಹೊಸ ಫೋನು ಹುಡುಕಿದರೂ ಸಿಗುವುದು ಅಪರೂಪ.

ಇಲ್ಲಿಗೆ ನನ್ನ ಮೊದಲ ಮಾತು ನಿಮಗೆ ತಿಳಿದಿರಬೇಕು. ಸ್ಪೀಕರಿನೊಳಗಿನ ಆಯಸ್ಕಾಂತ, ತಂತಿ ಸುರುಳಿ, ಮರದ ಪೆಟ್ಟಿಗೆ ಇವೆಲ್ಲ ಜೋಪಾನವಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಬಾಳುತ್ತವೆ. ಪಿನ್ನಿನ ಆಯುಸ್ಸು ಕಂಪನಿಯವರ ಮನಸ್ಸಿನಲ್ಲಿದೆ.

ಮಾವನ ಟಾಕೀಸು

ಈಗ ಆ ಕಾರಣಕ್ಕೆ ಬರೋಣ.

ನಮ್ಮ ಸೋದರಮಾವ ತಿಪಟೂರಿನ ಕಡೆ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಕಾರ್ಬನ್ ಕಡ್ಡಿ ಉರಿಸಿ, ಒಂದೇ ಪ್ರೊಜೆಕ್ಟರಿನಲ್ಲಿ ರೀಲು ಬದಲಿಸುತ್ತ ಇಪ್ಪತ್ತು ವರ್ಷಕ್ಕೂ ಮೇಲೆ ಊರೂರಿಗೆ ಸಿನಿಮಾ ತೋರಿಸಿದವರು. 'ಬಂಗಾರದ ಮನುಷ್ಯ', 'ನಾಗರಹಾವು', 'ಎರಡು ಕನಸು' ಇವನ್ನೆಲ್ಲ ಎಷ್ಟು ಸಲ ಓಡಿಸಿದ್ದಾರೋ ಅವರಿಗೇ ಲೆಕ್ಕವಿಲ್ಲ. ಟೆಂಟು ಎದ್ದುಹೋದ ಮೇಲೆ ಮನೆ ಸೇರಿದರು. ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಈಗ ಬೆಳಕು ಕತ್ತಲೆ ಗೊತ್ತಾಗುತ್ತದೆ, ಅಷ್ಟೇ.

ಮಾವನ ಮಗಳು ಅಮೆರಿಕದಲ್ಲಿದ್ದಾಳೆ. 2010ರಲ್ಲಿ ಊರಿಗೆ ಬಂದಾಗ ಐಪಾಡ್ ಕ್ಲಾಸಿಕ್ ಒಂದನ್ನೂ ಅದರ ಡಾಕ್ ಸ್ಪೀಕರನ್ನೂ ತಂದುಕೊಟ್ಟಿದ್ದಳು. ಅಪ್ಪ ಓಡಿಸಿದ ಸಿನಿಮಾಗಳ ಹಾಡೆಲ್ಲ ಅದರಲ್ಲಿ ತುಂಬಿಸಿದ್ದಳು. ಕಣ್ಣು ಹೋದ ಮೇಲೆ ಅದೇ ಮಾವನ ಟಾಕೀಸು. ಐಪಾಡಿನ ಮುಂದೆ ದುಂಡಗಿನ ಚಕ್ರವೊಂದಿತ್ತು ನೋಡಿ. ಬೆರಳು ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತಿತ್ತು. ಮಾವ ಆ ಟಿಕ್ಕುಗಳನ್ನು ಎಣಿಸಿಯೇ ಹಾಡು ಹುಡುಕುತ್ತಿದ್ದರು. ಏಳು ಟಿಕ್ಕಿಗೆ ಜಿ.ಕೆ. ವೆಂಕಟೇಶ್, ಹನ್ನೆರಡಕ್ಕೆ ರಾಜನ್-ನಾಗೇಂದ್ರ! ಡಾಕ್ ಯಾವಾಗಲೂ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ. ಕೈ ಚಾಚಿದರೆ ಸಿಗುತ್ತಿತ್ತು. ಚಾರ್ಜು ಮಾಡಬೇಕೆಂಬ ಚಿಂತೆಯಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ.

ಹೋದ ವರ್ಷ ಐಪಾಡಿನೊಳಗೆ ತಿರುಗುವ ತಟ್ಟೆ ಕೆಟ್ಟಿತು. ಐಪಾಡ್ ಕ್ಲಾಸಿಕ್ ಮಾಡುವುದನ್ನು ಕಂಪನಿ 2014ರಲ್ಲೇ ನಿಲ್ಲಿಸಿತ್ತು. ಕಟ್ಟಕಡೆಯ ಐಪಾಡನ್ನೂ 2022ರಲ್ಲಿ ಬೀಳ್ಕೊಟ್ಟಿತು. ಮಗಳು ಹೊಸ ಫೋನು ಕಳಿಸಿದಳು. ಒಳ್ಳೆಯ ಫೋನೇ. ಆದರೆ ಅದು ಗಾಜಿನ ಹಲಗೆ ಸ್ವಾಮಿ! ಬೆರಳಿಗೆ ಏರಿಲ್ಲ, ಇಳಿವಿಲ್ಲ, ಟಿಕ್ಕಿಲ್ಲ. ಡಾಕಿನ ಪಿನ್ನಿಗೆ ಅದು ಕೂರುವುದೂ ಇಲ್ಲ. ಹಾಡು ಬೇಕಾದಾಗಲೆಲ್ಲ ಮೊಮ್ಮಗನನ್ನು ಕರೆಯಬೇಕು. ಎರಡು ದಿನ ಕರೆದರು, ಮೂರನೆಯ ದಿನ ಸುಮ್ಮನಾದರು.

"ಎಂಟು ತಿಂಗಳಾಯಿತು ಕಣಪ್ಪಾ, ಮನೇಲಿ ಸದ್ದೇ ಇಲ್ಲ. ಇವರು ಊಟಕ್ಕೂ ಸರಿಯಾಗಿ ಏಳೋದಿಲ್ಲ" ಅಂತ ನಮ್ಮತ್ತೆ ಫೋನಿನಲ್ಲಿ ಹೇಳಿದಾಗಲೇ ನಾನು ಈ ಸ್ಪೀಕರ್ ಪುರಾಣಕ್ಕೆ ಕೈ ಹಾಕಿದ್ದು.

ಆಗ ನನಗೆ ಹೊಳೆದದ್ದು ಇಷ್ಟು. ಡಾಕಿನ ದೊಡ್ಡಗುಣ ಅದರ ಪಿನ್ನಲ್ಲ, ಅದರ ಡಬಡಬ ಸದ್ದೂ ಅಲ್ಲ. ಹಾಡಿಗೆ ಮನೆಯಲ್ಲಿ ಒಂದು ಖಾಯಂ ಜಾಗ ಕೊಟ್ಟಿತ್ತಲ್ಲ, ಅದು. ಆ ಗುಣವನ್ನು ಹುಡುಕಿ ಕೊಳ್ಳಬೇಕು. ಪಿನ್ನು ಯಾವುದಾದರೇನು?

ಅಂಗಡಿಯಲ್ಲಿ ಏನು ಸಿಗುತ್ತದೆ?

ಈಗ ಪಿನ್ನಿರುವ ಡಾಕ್ ಹೊಸದಾಗಿ ಸಿಗುವುದು ಕಷ್ಟ. ಮೆಜೆಸ್ಟಿಕ್ ಸುತ್ತಮುತ್ತ, ಎಸ್.ಪಿ. ರಸ್ತೆಯಲ್ಲಿ ಅಲೆದರೆ ಮೂರು ಬಗೆ ಕಾಣುತ್ತವೆ. ಒಂದು, ಬ್ಲೂಟೂತ್ ಸ್ಪೀಕರು. ತಂತಿಯೂ ಇಲ್ಲ, ಪಿನ್ನೂ ಇಲ್ಲ. ಎರಡು, ತಲೆಯ ಮೇಲೆ ಫೋನಿಟ್ಟರೆ ತಂತಿಯಿಲ್ಲದೆ ಚಾರ್ಜ್ ಮಾಡುವ ಬ್ಲೂಟೂತ್ ಸ್ಪೀಕರು. ಇದೇ ಇವತ್ತಿನ ಡಾಕ್ ಅನ್ನಿ. ಆದರೆ ನಿಮ್ಮ ಫೋನಿಗೆ ಆ ವಿದ್ಯೆ ಬರುತ್ತದೋ ಇಲ್ಲವೋ ನೋಡಿಕೊಳ್ಳಿ. ಅಗ್ಗದ ಫೋನುಗಳಲ್ಲಿ ಬಹುತೇಕ ಇರುವುದಿಲ್ಲ. ಮೂರು, ಯಾರೋ ಮಾರಿದ ಹಳೆಯ ಡಾಕ್.

ಹಳೆಯದನ್ನು ತಳ್ಳಿಹಾಕಬೇಡಿ. ಹಿಂಭಾಗದಲ್ಲಿ ಆಕ್ಸ್ ಎಂದು ಬರೆದ ದುಂಡನೆ ತೂತಿದ್ದರೆ ಅದು ಇನ್ನೂ ಬದುಕಿದೆ ಅಂತಲೇ ಅರ್ಥ. ಎರಡು ಕಡೆಯೂ ಕಡ್ಡಿಯಿರುವ ತಂತಿಯಲ್ಲಿ ಯಾವ ಯಂತ್ರದ ಹಾಡನ್ನು ಬೇಕಾದರೂ ಅದಕ್ಕೆ ಉಣಿಸಬಹುದು. ಮೂವತ್ತು ಪಿನ್ನಿನ ಮೇಲೆಯೇ ಕೂರುವ ಬ್ಲೂಟೂತ್ ತುಂಡುಗಳೂ ಬರುತ್ತವೆ. ಆದರೆ ಎರಡು ಎಚ್ಚರಿಕೆ. ತೀರಾ ಹಳೆಯ ಡಾಕ್‌ಗಳು ಫೈರ್‌ವೈರ್ ಎಂಬ ಹಳೇ ಪದ್ಧತಿಯ ಹನ್ನೆರಡು ವೋಲ್ಟಿನಲ್ಲಿ ಚಾರ್ಜ್ ಮಾಡುತ್ತಿದ್ದವು. 2008ರಲ್ಲಿ ಬಂದ ಐಫೋನ್ 3ಜಿಯೇ ಅದನ್ನು ಒಪ್ಪಲಿಲ್ಲ. ಹಾಡುತ್ತಿತ್ತು, ಆದರೆ ಚಾರ್ಜ್ ಆಗುತ್ತಿರಲಿಲ್ಲ. ಎರಡನೆಯದು, ಐಪಾಡಿಗೆಂದೇ ಮಾಡಿದ ಪೆಟ್ಟಿಗೆಗಳ ಹತ್ತಿರ ಫೋನಿಟ್ಟರೆ ಕರೆ ಬರುವ ಮುಂಚೆ 'ಟಿಡಿಕ್ ಟಿಡಿಕ್' ಎಂದು ಗೊರಗುಟ್ಟುವುದುಂಟು. ಕೊಳ್ಳುವ ಮುಂಚೆ ಪಕ್ಕದಲ್ಲಿ ಫೋನಿಟ್ಟು ಯಾರಿಗಾದರೂ ಕರೆ ಮಾಡಿ ನೋಡಿ.

ಫೋನಿನಲ್ಲಿ ದುಂಡನೆ ತೂತಿಲ್ಲ ಎನ್ನುವವರು ಟೈಪ್-ಸಿಯಿಂದ ಆಕ್ಸ್‌ಗೆ ಬದಲಿಸುವ ತುಂಡು ಕೊಳ್ಳಬೇಕು. ಅದರಲ್ಲೂ ಎರಡು ಜಾತಿ. ಒಂದು ಬರೀ ತಂತಿ, ಕೆಲವೇ ಫೋನುಗಳಿಗೆ ನಡೆಯುತ್ತದೆ. ಇನ್ನೊಂದರಲ್ಲಿ ಡ್ಯಾಕ್ ಎಂಬ ಚಿಪ್ಪಿರುತ್ತದೆ. ಬಹುತೇಕ ಎಲ್ಲಕ್ಕೂ ಆಗುತ್ತದೆ. ಅಂಗಡಿಯವನನ್ನು "ಡ್ಯಾಕ್ ಇದೆಯಾ?" ಅಂತ ಕೇಳಿ.

ಬ್ಲೂಟೂತ್ ಬಗ್ಗೆ ನಮ್ಮ ಸಿನಿಮಾ ಮಂದಿಗೊಂದು ಮಾತು. ಹಾಡು ಕೇಳಲು ಅಡ್ಡಿಯಿಲ್ಲ. ಆದರೆ ಫೋನಿನಲ್ಲಿ ಸಿನಿಮಾ ಹಾಕಿ ಸದ್ದನ್ನು ಬ್ಲೂಟೂತಿಗೆ ಬಿಟ್ಟರೆ ಕೆಲವು ಸ್ಪೀಕರುಗಳಲ್ಲಿ ನಾಯಕನ ತುಟಿ ಮೊದಲು, ಮಾತು ಆಮೇಲೆ! ಅವಸರದಲ್ಲಿ ಡಬ್ ಮಾಡಿದ ಚಿತ್ರದಂತೆ ಕಾಣುತ್ತದೆ. ಸಿನಿಮಾ ನೋಡುವವರಿಗೆ ಆಕ್ಸ್ ತಂತಿಯೇ ವಾಸಿ.

ವ್ಯಾಟಿನ ಬೂಟಾಟಿಕೆ

ಪೆಟ್ಟಿಗೆಯ ಮೇಲೆ 'ಸಾವಿರ ವ್ಯಾಟ್ ಪಿ.ಎಂ.ಪಿ.ಓ.' ಎಂದು ಬೆಂಕಿ ಬಣ್ಣದಲ್ಲಿ ಬರೆದಿದ್ದರೆ ನಕ್ಕು ಮುಂದೆ ಹೋಗಿ. ಅದು ಕ್ಷಣಮಾತ್ರದ ಲೆಕ್ಕ, ನೂರು ದಿನದ ಪೋಸ್ಟರಿದ್ದ ಹಾಗೆ. ಥಿಯೇಟರಿನಲ್ಲಿ ಎಷ್ಟು ಜನ ಕೂತಿದ್ದರು ಎಂದು ಹೇಳುವುದಿಲ್ಲ! ನೋಡಬೇಕಾದ್ದು ಆರ್.ಎಂ.ಎಸ್. ವ್ಯಾಟ್. ಅದರಲ್ಲೂ ಹತ್ತು ವ್ಯಾಟಿನದಕ್ಕಿಂತ ಇಪ್ಪತ್ತು ವ್ಯಾಟಿನದು ಎರಡರಷ್ಟು ಕೂಗುವುದಿಲ್ಲ. ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು ಮೂರೇ ಡೆಸಿಬಲ್. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹತ್ತಕ್ಕೆ ಹತ್ತಡಿಯ ಕೋಣೆಗೆ ಹತ್ತು ಹದಿನೈದು ನಿಜವಾದ ವ್ಯಾಟ್ ಧಾರಾಳ.

ಸ್ಟೀರಿಯೋ ಬೇಕೇ ಎಂದು ಒಬ್ಬರು ಕೇಳಿದ್ದಾರೆ. ಒಂದಡಿ ಉದ್ದದ ಪೆಟ್ಟಿಗೆಯೊಳಗೆ ಎಡ ಬಲ ಎಂದು ಎರಡು ಸ್ಪೀಕರ್ ಕೂರಿಸಿದರೆ, ನಾಲ್ಕು ಹೆಜ್ಜೆ ಆಚೆ ಕೂತವನಿಗೆ ಎರಡೂ ಒಂದೇ. ಅದೂ ಅಲ್ಲದೆ ಅರವತ್ತು, ಎಪ್ಪತ್ತರ ದಶಕದ ನಮ್ಮ ಹಾಡುಗಳು ಬಹುತೇಕ ಮಾನೋದಲ್ಲೇ ಧ್ವನಿಮುದ್ರಣವಾದವು. ಪಿ.ಬಿ. ಶ್ರೀನಿವಾಸರ ಹಾಡು ಕೇಳಲು ಒಂದು ಬಾಯಿ ಸಾಕು. ಆ ಬಾಯಿ ಶುದ್ಧವಾಗಿರಬೇಕು, ಅಷ್ಟೇ. 2006ರ 'ಮುಂಗಾರು ಮಳೆ'ಯಿಂದ ಈಚಿನ ಹಾಡುಗಳನ್ನೇ ಕೇಳುವವರು, ಎಡ ಬಲದ ಆಟ ಬೇಕೆನ್ನುವವರು, ಎರಡು ಬೇರೆ ಬೇರೆ ಪೆಟ್ಟಿಗೆಗಳನ್ನೇ ಕೊಳ್ಳಲಿ.

ಮಾವನ ಪರೀಕ್ಷೆಗಳು

ಮಾವನನ್ನು ಬೆಂಗಳೂರಿಗೆ ಕರೆಸಿಕೊಂಡೆ. ಮೊದಲು ಹೊಕ್ಕ ಅಂಗಡಿಯಲ್ಲಿ, ಹೆಸರು ಬೇಡ, "ಡಬ್ಬ ಬಿಚ್ಚಿದರೆ ಕೊಳ್ಳಲೇಬೇಕು" ಎಂದರು. ಮಾವ ಮಾತಾಡದೆ ಹೊರಟುಬಿಟ್ಟರು. ಎರಡನೆಯ ಅಂಗಡಿಯ ಹುಡುಗ ಒಳ್ಳೆಯವನು. "ಕೇಳಿ ತಾತ, ಎಷ್ಟು ಬೇಕಾದರೂ ಕೇಳಿ" ಎಂದು ಮೂರು ಸ್ಪೀಕರ್ ಮುಂದಿಟ್ಟ. ಒಂದನ್ನು ಹಾಕಿದ ತಕ್ಷಣ ಗಾಜಿನ ಬೀರು ನಡುಗಿತು.

"ಏನಪ್ಪಾ ಇದು, ಬರೀ ಡೊಳ್ಳು ಬಡೀತಾ ಇದೆ. ಹಾಡೋನು ಎಲ್ಲಿ?" ಎಂದರು ಮಾವ.

"ಬೇಸ್ ತಾತ, ಈಗಿನ ಹುಡುಗರು ಅದನ್ನೇ ಕೇಳ್ತಾರೆ."

"ಅವರು ಕೇಳಲಿ. ನಂಗೆ ಮಾತು ಬೇಕು."

ಆಮೇಲೆ ನನ್ನ ಕಡೆ ತಿರುಗಿ, "ಅಳಿಯಂದ್ರೇ, ಹಾಡು ಬೇಡ, ಯಾವುದಾದ್ರೂ ಸಿನಿಮಾದ ಮಾತು ಹಾಕಿ. ಹಾಕಿ ಬಾಗಿಲ ಹತ್ರ ಹೋಗಿ ನಿಂತ್ಕೊಳ್ಳಿ" ಎಂದರು. ಹಾಗೇ ಮಾಡಿದೆ. ಟೆಂಟಿನಲ್ಲಿ ಹೊಸ ರೀಲು ಬಂದಾಗಲೆಲ್ಲ ಮಾವ ಹುಡುಗನನ್ನು ನೆಲದ ಕೊನೆಯ ಮೂಲೆಗೆ ಕಳಿಸಿ, ಮಾತು ಬಿಡಿಬಿಡಿಯಾಗಿ ಕೇಳುತ್ತದೋ ಇಲ್ಲವೋ ವಿಚಾರಿಸುತ್ತಿದ್ದರಂತೆ. "ಮುಂದೆ ಕೂತೋನಿಗೆ ಎಂಥಾ ಡಬ್ಬಾ ಆದ್ರೂ ಕೇಳುತ್ತೆ. ನೆಲದ ಟಿಕೆಟ್ಟಿನೋನು ಕೊಟ್ಟಿದ್ದೂ ಕಾಸೇ ಅಲ್ವಾ?" ಎಂದರು. ಬಾಗಿಲಲ್ಲಿ ನಿಂತ ನನಗೆ ಮೊದಲ ಸ್ಪೀಕರಿನ 'ಸ'ಕಾರ 'ಷ'ಕಾರ ಎರಡೂ ಒಂದೇ ಆಗಿ ಕೇಳಿದವು. ಮೂರನೆಯದರಲ್ಲಿ ಮಾತು ಬಿಡಿಸಿಟ್ಟ ಅವರೆಕಾಳಿನಂತೆ ಬಂತು.

ಎರಡನೆಯ ಪರೀಕ್ಷೆ, ಸಣ್ಣ ದನಿ. ರಾತ್ರಿ ಹತ್ತರ ಮೇಲೆ ಮನೆಯವರು ಮಲಗಿದಾಗ ಎಷ್ಟು ಸದ್ದಿಡುತ್ತೀರೋ ಅಷ್ಟೇ ಇಟ್ಟು ಕೇಳಿ. ಆಗಲೂ ಹಾಡಿನ ಜೀವ ಉಳಿಯಬೇಕು. ಮೂರನೆಯದು, ಪೂರ್ತಿ ದನಿ. ಪೆಟ್ಟಿಗೆ ಗರಗರ ಎಂದರೆ ಬೇಡ. ಅಂದ ಹಾಗೆ, ಮನೆಯ ತಗಡಿನ ಬೀರುವಿನ ಮೇಲೆ ಇಟ್ಟು ಸ್ಪೀಕರನ್ನು ಬೈಯಬೇಡಿ, ಗರಗರ ಎನ್ನುವುದು ಬೀರು! ಮರದ ಸ್ಟೂಲಿನ ಮೇಲಿಡಿ. ಗೋಡೆಗೆ ಹತ್ತಿರವಿದ್ದಷ್ಟೂ ದಪ್ಪ ದನಿ ಹೆಚ್ಚುತ್ತದೆ, ಮೂಲೆಯಲ್ಲಿ ಇನ್ನೂ ಹೆಚ್ಚು. ಮಾತು ಮಬ್ಬಾದರೆ ಒಂದಡಿ ಈಚೆ ಎಳೆಯಿರಿ. ಇದಕ್ಕೆ ಕಾಸಿಲ್ಲ.

ನಾಲ್ಕನೆಯ ಪರೀಕ್ಷೆಯನ್ನು ನಾನು ಮಾಡಿದೆ. ಕಣ್ಣು ಮುಚ್ಚಿಕೊಂಡು ಸ್ಪೀಕರನ್ನು ಕೈಗೆತ್ತಿಕೊಂಡೆ. ಎರಡರಲ್ಲಿ ಗುಂಡಿಗಳೇ ಇಲ್ಲ, ನುಣ್ಣನೆಯ ಮೈ. ಎಲ್ಲಿ ಮುಟ್ಟಿದರೆ ಏನಾಗುತ್ತದೋ ಕಣ್ಣಿದ್ದವನಿಗೇ ಗೊತ್ತಾಗುವುದಿಲ್ಲ. ಮೂರನೆಯದರಲ್ಲಿ ಉಬ್ಬಿದ ಗುಂಡಿಗಳು, ದನಿಗೆ ತಿರುಗಿಸುವ ನಿಜವಾದ ತಿರುಪು. ಹಾಕಿದರೆ ಟಕ್ ಎಂದು ಸದ್ದು. ಫೋನು ಸಿಕ್ಕಿದೊಡನೆ 'ಟುಂಯ್' ಎಂದು ತಿಳಿಸುತ್ತದೆ. ಒಂದು ಸಲ ಜೋಡಿ ಮಾಡಿದ ಮೇಲೆ ಫೋನು ತಾನೇ ಹುಡುಕಿಕೊಂಡು ಬಂದು ಸೇರಿಕೊಳ್ಳುತ್ತದೆ. ಸ್ಪೀಕರಿನ ಗುಂಡಿ ಒತ್ತಿದರೆ ಫೋನಿನಲ್ಲಿ ನಿಂತಿದ್ದ ಹಾಡು ಮುಂದುವರಿಯುತ್ತದೆ, ಎರಡು ಸಲ ಒತ್ತಿದರೆ ಮುಂದಿನ ಹಾಡು. ಗಾಜಿನ ಹಲಗೆಯನ್ನು ಮುಟ್ಟುವ ಗೋಜೇ ಇಲ್ಲ!

ಎರಡೂವರೆ ಸಾವಿರದ ಆಸುಪಾಸು ಬೆಲೆ. ಹಿಂದೆ ಆಕ್ಸ್ ತೂತಿದೆ, ಪೆನ್ ಡ್ರೈವಿಗೆ ಜಾಗವಿದೆ, ಆಕಾಶವಾಣಿಗೆ ಎಫ್.ಎಂ. ಇದೆ. ಮುಖ್ಯವಾಗಿ ಗೋಡೆಯ ಕರೆಂಟಿನಲ್ಲೂ ನಡೆಯುತ್ತದೆ, ಬ್ಯಾಟರಿಯಲ್ಲೂ ನಡೆಯುತ್ತದೆ. ಬರೀ ಬ್ಯಾಟರಿಯದಾದರೆ ನಾಲ್ಕೈದು ವರ್ಷಕ್ಕೆ ಶಕ್ತಿ ಕುಂದುತ್ತದೆ. ಆಮೇಲೆ ಬದಲಿಸಲು ಬಾರದ ಪೆಟ್ಟಿಗೆ ಕಸವೇ ಸರಿ. ಬರೀ ಕರೆಂಟಿನದಾದರೆ ನಮ್ಮ ಊರುಗಳ ಲೋಡ್ ಷೆಡ್ಡಿಂಗ್ ನಿಮಗೇ ಗೊತ್ತು.

ಊರಿನಲ್ಲಿ ಆಚಾರಿಗೆ ಹೇಳಿ ಮರದ ಸಣ್ಣ ಗೂಡು ಮಾಡಿಸಿದೆವು. ಸ್ಪೀಕರ್ ಪಕ್ಕದಲ್ಲೇ ಅದು. ಫೋನು ಅದರಲ್ಲಿ ನಿಲ್ಲುತ್ತದೆ, ಚಾರ್ಜಿನ ತಂತಿ ಅಲ್ಲಿಗೇ ಬರುತ್ತದೆ. ಕಂಪನಿ ಡಾಕಿಗೆ ಪಿನ್ನು ಬದಲಾದರೆ ಪೆಟ್ಟಿಗೆಯೇ ಹೋಗುತ್ತಿತ್ತು. ಆಚಾರಿ ಡಾಕಿಗೆ ತಂತಿ ಬದಲಿಸಿದರೆ ಆಯಿತು. ಹಳೆಯ ಡಾಕನ್ನೂ ಬಿಸಾಡಲಿಲ್ಲ. ಆಕ್ಸ್ ತಂತಿ ಹಾಕಿ ಅತ್ತೆಯ ಅಡಿಗೆಮನೆಗೆ ಸಾಗಿಸಿದ್ದೇವೆ.

ಹೋದ ವಾರ ಅತ್ತೆ ಫೋನು ಮಾಡಿದಾಗ ಅವರ ಮಾತು ಸರಿಯಾಗಿ ಕೇಳಲಿಲ್ಲ. ಹಿಂದೆ ರಾಜಣ್ಣನ ಹಾಡು ಜೋರಾಗಿತ್ತು. "ತಗ್ಸಿ ಅಂದ್ರೆ ಕೇಳೋದಿಲ್ಲ ಕಣಪ್ಪಾ, ರೀಲು ಮುಗೀಲಿ ಅಂತಾರೆ" ಎಂದು ದೂರಿದರು. ದೂರಿನಲ್ಲಿ ಸಿಟ್ಟಿರಲಿಲ್ಲ.

ಕಡೆಯ ಮಾತು

ಆದ್ದರಿಂದ ಕಾಗದ ಬರೆದ ಮಿತ್ರರೇ, ಅಂಗಡಿಗೆ ಹೋಗುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಸ್ಪೀಕರಿನ ಮುಂದೆ ದಿನಾ ಕೂರುವವರು ಯಾರು? ಅವರ ಕೈ, ಕಣ್ಣು, ಕಿವಿ ಹೇಗಿವೆ? ಹಾಸ್ಟೆಲ್ಲಿನ ಹುಡುಗನಿಗೆ ಚೀಲದಲ್ಲಿ ಹಾಕುವಂಥದು ಸಾಕು. ಅಂಗಡಿ ಇಟ್ಟವನಿಗೆ ದಿನವಿಡೀ ಕರೆಂಟಿನಲ್ಲಿ ನಡೆಯುವಂಥದು ಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ಉಬ್ಬಿದ ಗುಂಡಿ, ತಿರುಪು, ಒಂದು ಖಾಯಂ ಜಾಗ. ಇವಿಷ್ಟು ನೋಡಿದ ಮೇಲೆ ಹಿಂದೆ ತಿರುಗಿಸಿ ಆಕ್ಸ್ ತೂತು ಹುಡುಕಿ. ಅದು ವಾಕ್‌ಮನ್ ಕಾಲದಿಂದ ಬಂದ ಹಳೇ ನೆಂಟ, ಇನ್ನೂ ಕೈ ಬಿಟ್ಟಿಲ್ಲ.

ಹಾಡು ನಮ್ಮದು, ಕಿವಿ ನಮ್ಮದು. ಪಿನ್ನು ಮಾತ್ರ ಕಂಪನಿಯದು. ಅದಕ್ಕೆ ತಾಳಿ ಕಟ್ಟಿ ಕೂರುವ ಹಣೆಬರಹ ನಮಗೇಕೆ?

ಮುಂದಿನ ವಾರ ಮತ್ತೆ ಗಾಂಧಿನಗರದ ಸುದ್ದಿಗೆ ಮರಳೋಣ. ಅಗೋ, ಕಂಡಕ್ಟರ್ ಸೀಟಿ ಹೊಡೆಯುತ್ತಿದ್ದಾನೆ. ಹತ್ತಿ, ಹತ್ತಿ!